ಮನೆಯಲ್ಲಿ ಉಳಿದ ಎರಡು ಶೀಟ್ ಗುಳಿಗೆ: ಒಂದು ಪ್ರಕರಣ ಅಧ್ಯಯನ

ರಕ್ತದ ಕ್ಯಾನ್ಸರ್ ಇರುವವರ ಜೊತೆ ಕೂತು ಮಾತನಾಡುವುದು ನನ್ನ ಕೆಲಸ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿದ್ದೇನೆ. ಇಲ್ಲಿ ಬರೆಯುತ್ತಿರುವುದು ಕೊಪ್ಪಳ ಜಿಲ್ಲೆಯ ಒಬ್ಬ ಹೆಣ್ಣುಮಗಳ ವಿಷಯ. ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು ಹಾಕಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಅವರನ್ನು ನಾನು ಅಕ್ಕ ಅಂತಲೇ ಕರೆಯೋದು, ಇಲ್ಲೂ ಹಾಗೇ ಕರೆಯುತ್ತೇನೆ.

ಅಕ್ಕನಿಗೆ 39 ವರ್ಷ. ನಾಲ್ಕು ಎಕರೆ ಒಣ ಬೇಸಾಯ, ಮೆಕ್ಕೆಜೋಳ ಮತ್ತು ಕಡಲೆ. ಮನೆಯಲ್ಲಿ ಗಂಡ, ಅತ್ತೆ, 19 ವರ್ಷದ ಮಗಳು, ಹೈಸ್ಕೂಲಿಗೆ ಹೋಗುವ ಮಗ. ಮೊದಲು ಕಾಣಿಸಿದ್ದು ಸುಸ್ತು. ಆಮೇಲೆ ಎಡಗಡೆ ಹೊಟ್ಟೆ ಗಟ್ಟಿಯಾಗಿ ದಪ್ಪಗಾಯಿತು. ನೀರಿನ ಟ್ಯಾಂಕಿನ ಹತ್ತಿರ ನೆರೆಯವರು "ಮತ್ತ ಬಸರೇನ?" ಅಂತ ಕೇಳಿ ನಗುತ್ತಿದ್ದರಂತೆ. ನಾಚಿಕೆಯಿಂದ ಎರಡು ತಿಂಗಳು ಸೆರಗು ಮುಂದೆ ಎಳೆದುಕೊಂಡೇ ಓಡಾಡಿದರು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ರಕ್ತಕಣ ಎರಡು ಲಕ್ಷ ದಾಟಿತ್ತು. ಆರೋಗ್ಯವಂತರಲ್ಲಿ ಅದು 4,000ದಿಂದ 11,000ದ ಒಳಗೆ ಇರುತ್ತದೆ. ಹೊಟ್ಟೆಯಲ್ಲಿ ಗಟ್ಟಿಯಾಗಿದ್ದದ್ದು ಊದಿಕೊಂಡ ಗುಲ್ಮ, ಅಂದರೆ ಸ್ಪ್ಲೀನ್.

ರೋಗದ ಹೆಸರು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ. ನಾವು ಸಿಎಂಎಲ್ ಅನ್ನುತ್ತೇವೆ. ನಮ್ಮ ಜೀವಕೋಶದೊಳಗಿನ 9ನೇ ವರ್ಣತಂತುವಿನ (ಕ್ರೋಮೋಸೋಮ್) ತುಂಡು 22ನೆಯದಕ್ಕೆ, 22ರ ತುಂಡು 9ಕ್ಕೆ ಅದಲು ಬದಲಾಗಿ ಅಂಟಿಕೊಳ್ಳುತ್ತದೆ. ಅಲ್ಲಿ ಹುಟ್ಟುವ ಒಂದು ತಪ್ಪು ಪ್ರೋಟೀನು ಬಿಳಿ ಕಣಗಳನ್ನು ಬೆಳೆಸುತ್ತಲೇ ಇರುತ್ತದೆ. 2001ರಲ್ಲಿ ಇಮಾಟಿನಿಬ್ ಅನ್ನುವ ಗುಳಿಗೆ ಬಳಕೆಗೆ ಬಂತು. ಆ ಪ್ರೋಟೀನಿನ ಕೆಲಸವನ್ನೇ ಅದು ನಿಲ್ಲಿಸುತ್ತದೆ. ಅದಕ್ಕೂ ಮೊದಲು ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರು ಕೆಲವೇ ವರ್ಷ ಬದುಕುತ್ತಿದ್ದರು. ಈಗ ದಿನಕ್ಕೊಂದು ಗುಳಿಗೆ ತೆಗೆದುಕೊಂಡು ದಶಕಗಳ ಕಾಲ ಹೊಲ, ಮನೆ ನೋಡಿಕೊಂಡು ಇರಬಹುದು. ಬೆಲೆಯೂ ಇಳಿದಿದೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಈ ಗುಳಿಗೆ ತಂದ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಬೇಡಿಕೆಯನ್ನು ತಳ್ಳಿಹಾಕಿತು. ಆಗ ಕಂಪನಿಯ ಗುಳಿಗೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ, ನಮ್ಮ ದೇಶದ ತಯಾರಕರ ಗುಳಿಗೆಗೆ ಸುಮಾರು 8,000. ಅಕ್ಕನಿಗೆ ಸರ್ಕಾರದ ಆರೋಗ್ಯ ಕಾರ್ಡಿನಿಂದ ಗುಳಿಗೆ ಸಿಗುತ್ತದೆ. ಕೈಯಿಂದ ಖರ್ಚಾಗುವುದು ಓಡಾಟಕ್ಕೆ ಮತ್ತು ಬಿಟ್ಟ ಕೂಲಿಗೆ.

ಅಂದರೆ ಔಷಧಿ ಇದೆ, ದುಡ್ಡಿನ ದಾರಿಯೂ ಇದೆ, ರೋಗವೂ ಬಗ್ಗುವಂಥದ್ದು. ಹೀಗಿದ್ದೂ ಎಲ್ಲಿ ಎಡವಟ್ಟಾಯಿತು ಅನ್ನೋದೇ ಈ ಪ್ರಕರಣ.

ಏರಿದ ಅಂಕಿ

ಈ ಕಾಯಿಲೆಯಲ್ಲಿ ರೋಗದ ಅಂಶ ಎಷ್ಟು ಉಳಿದಿದೆ ಅಂತ ನೋಡಲು ಮೂರು ತಿಂಗಳಿಗೊಮ್ಮೆ ಪಿಸಿಆರ್ ಅನ್ನುವ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಮೂರನೇ ತಿಂಗಳಿಗೆ ರೋಗದ ಅಂಶ ಶೇ 10ಕ್ಕಿಂತ, ಆರನೆಯದಕ್ಕೆ ಶೇ 1ಕ್ಕಿಂತ, ವರ್ಷ ತುಂಬುವಾಗ ಶೇ 0.1ಕ್ಕಿಂತ ಕೆಳಗೆ ಇಳಿದಿರಬೇಕು. ಅಕ್ಕನದು ಮೊದಲೆರಡು ಸಲ ಚೆನ್ನಾಗಿ ಇಳಿಯಿತು. ಆರನೇ ತಿಂಗಳಲ್ಲಿ 0.9 ಇತ್ತು. ವರ್ಷ ತುಂಬಿದಾಗ 2.8ಕ್ಕೆ ಏರಿತು.

ಔಷಧಿ ಬದಲಿಸಬೇಕಾ ಅನ್ನುವ ಯೋಚನೆಯಲ್ಲಿದ್ದರು ಡಾಕ್ಟರ್. ಅದಕ್ಕೂ ಮೊದಲು ಒಂದು ಚೀಟಿ ಬರೆದು ನನ್ನ ಹತ್ತಿರ ಕಳಿಸಿದರು. "ಮಾತ್ರೆ ಸರಿಯಾಗಿ ತಗೋತಿದ್ದಾರಾ ವಿಚಾರಿಸಿ."

ನಾನು ಅದನ್ನೇ ಹಾಗೇ ಕೇಳಿದೆ. ಅಕ್ಕ, ಗುಳಿಗೆ ಸರಿಯಾಗಿ ತಗೋತಿದ್ದೀರಾ? "ಹೌದ್ರಿ ಮೇಡಂ, ದಿನಾ ತಗೋತೀನ್ರಿ." ಗಂಡನೂ ಪಕ್ಕದಲ್ಲಿ ತಲೆಯಾಡಿಸಿದರು. ನಾನು ಹಾಳೆಯಲ್ಲಿ ಹಾಗೇ ಬರೆದುಕೊಂಡೆ. ಇದು ನನ್ನ ಮೊದಲ ತಪ್ಪು. ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದವರಿಗೆ, ಟೇಬಲ್ಲಿನ ಆಚೆ ಕೂತು ಸರಿಯಾಗಿ ಅನ್ನುವ ಮಾತು ಸೇರಿಸಿ ಕೇಳಿದರೆ ಯಾರು ತಾನೇ ಇಲ್ಲ ಅಂದಾರು?

ನಿಜ ಹೊರಬಿದ್ದದ್ದು ಔಷಧಿ ಕೊಡುವ ಕೌಂಟರಿನಲ್ಲಿ. ಮುಂದಿನ ಮೂರು ತಿಂಗಳಿಗೆ ಅಂತ ಹತ್ತತ್ತರ ಒಂಬತ್ತು ಶೀಟ್ ಎಣಿಸಿ ಮುಂದಿಟ್ಟರು. ಅಕ್ಕ ಅದರಲ್ಲಿ ಎರಡು ಶೀಟ್ ತೆಗೆದು ವಾಪಸ್ ತಳ್ಳಿದರು. "ಇಷ್ಟ್ ಬ್ಯಾಡ್ರಿ. ಮನ್ಯಾಗ ಇನ್ನೂ ಎರಡು ಅದಾವ. ಸುಮ್ನ ಹಾಳಾಗ್ತಾವ, ಇನ್ನೊಬ್ರಿಗೆ ಕೊಡ್ರಿ." ಸರ್ಕಾರದ ಮಾಲು ದಂಡ ಆಗಬಾರದು ಅನ್ನುವ ಪ್ರಾಮಾಣಿಕತೆ ಅದು. ನಾನು ಹಿಂದೆಯೇ ನಿಂತಿದ್ದೆ. 90 ಗುಳಿಗೆಯಲ್ಲಿ 20 ಉಳಿದಿವೆ ಅಂದರೆ 20 ದಿನ ತಪ್ಪಿದೆ.

20 ಅಂದರೆ ಎಷ್ಟು ಮುಖ್ಯ ಅಂತ ಹೇಳಬೇಕು. ಲಂಡನ್ನಿನ ವೈದ್ಯರು ಇಮಾಟಿನಿಬ್ ತೆಗೆದುಕೊಳ್ಳುವ 87 ಜನರ ಗುಳಿಗೆ ಡಬ್ಬಿಯ ಮುಚ್ಚಳಕ್ಕೇ ಎಲೆಕ್ಟ್ರಾನಿಕ್ ಚಿಪ್ ಹಾಕಿ ಮೂರು ತಿಂಗಳು ನೋಡಿದ್ದರು. 2010ರಲ್ಲಿ ಅದರ ಫಲಿತಾಂಶ ಬಂತು. ಶೇ 90ಕ್ಕಿಂತ ಜಾಸ್ತಿ ಗುಳಿಗೆ ತೆಗೆದುಕೊಂಡವರಲ್ಲಿ ಆರು ವರ್ಷಕ್ಕೆ ಒಳ್ಳೆಯ ಫಲ ಸಿಗುವ ಸಾಧ್ಯತೆ ಶೇ 94ಕ್ಕೂ ಹೆಚ್ಚು. ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ ಶೇ 28. ತಿಂಗಳಿಗೆ ಮೂರು ಗುಳಿಗೆ ತಪ್ಪಿದರೆ ಆ ಗೆರೆ ಬಂತು. ಅಕ್ಕನಿಗೆ ತಿಂಗಳಿಗೆ ಆರೇಳು ತಪ್ಪುತ್ತಿತ್ತು.

ಹದಿಮೂರು ಮಂಗಳವಾರ

ಅವತ್ತು ಮಧ್ಯಾಹ್ನ ಮತ್ತೆ ಕೂತೆವು. ಗಂಡನನ್ನು ಚಹಾ ತರಲು ಕಳಿಸಿದೆ. ಟೇಬಲ್ ಬಿಟ್ಟು ಬೆಂಚಿನ ಮೇಲೆ ಅಕ್ಕನ ಪಕ್ಕದಲ್ಲೇ ಕೂತೆ. ತಪ್ಪಿಸಿದ್ದು ಯಾಕೆ ಅಂತ ಕೇಳಲಿಲ್ಲ. "ಅಕ್ಕ, ಯಾವ ದಿನ ಗುಳಿಗೆ ತಗೊಳ್ಳೋದು ಕಷ್ಟ ಆಗುತ್ತೆ?" ಅಂದೆ.

"ಮಂಗಳವಾರ ಒಪ್ಪತ್ತು ಇರ್ತೀನ್ರಿ" ಅಂದರು.

ಹುಲಿಗೆಮ್ಮನಿಗೆ ಹರಕೆ. ಹುಲಿಗಿಯ ಹುಲಿಗೆಮ್ಮ ಅಂದರೆ ಆ ಸೀಮೆಯವರಿಗೆ ಎಷ್ಟು ದೊಡ್ಡ ಆಸರೆ ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಸೊಸೆಗೆ ಮೈಯಲ್ಲಿ ಹುಷಾರಿಲ್ಲ ಅಂತ ಅತ್ತೆಯೇ ಹರಕೆ ಹೊತ್ತಿದ್ದರು. ಮಂಗಳವಾರ ಬೆಳಗಿನಿಂದ ಏನೂ ತಿನ್ನುವಂತಿಲ್ಲ. ಸಂಜೆ ಪೂಜೆ ಆದ ಮೇಲೆ ಒಂದು ಊಟ. ಔಷಧಿ ಚೀಟಿಯಲ್ಲಿ "ಬೆಳಿಗ್ಗೆ ತಿಂಡಿ ಆದ ಮೇಲೆ" ಅಂತ ಬರೆದಿತ್ತು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ವಾಂತಿ ಬರುತ್ತಿತ್ತು. ಈ ಗುಳಿಗೆ ಹಾಗೇ, ಊಟದ ಜೊತೆ, ದೊಡ್ಡ ಲೋಟದ ತುಂಬ ನೀರು ಕುಡಿದು ನುಂಗಬೇಕು. ಮಂಗಳವಾರ ತಿಂಡಿ ಇಲ್ಲ, ಹಾಗಾಗಿ ಗುಳಿಗೆಯೂ ಇಲ್ಲ. ರಾತ್ರಿ ತಗೋಬಹುದಾ ಅಂತ ಯಾರನ್ನೂ ಕೇಳಲಿಲ್ಲ. ಡಾಕ್ಟರ್ ಬೈದಾರು ಅನ್ನುವ ಹೆದರಿಕೆ. ಮೂರು ತಿಂಗಳಿಗೆ 13 ಮಂಗಳವಾರ.

ಕಾಯಿಲೆ ವಾಸಿಯಾಗಲಿ ಅಂತ ಮಾಡಿದ ಉಪವಾಸವೇ ಔಷಧಿ ತಪ್ಪಿಸುತ್ತಿತ್ತು. ಕೇಳಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಉಳಿದ ಏಳು ದಿನ? ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಆಮೇಲೆ ಹೇಳಿದರು. ಗುಳಿಗೆ ಇರುವುದು ಮೆಂತ್ಯದ ಡಬ್ಬಿಯ ತಳದಲ್ಲಿ. ಮೇಲೆ ಒಂದು ಹಿಡಿ ಮೆಂತ್ಯ. ಶೀಟನ್ನು ಕತ್ತರಿಯಲ್ಲಿ ಒಂದೊಂದೇ ಗುಳಿಗೆಯಾಗಿ ಕತ್ತರಿಸಿ, ಹೆಸರು ಇರುವ ಭಾಗವನ್ನು ಒಲೆಗೆ ಹಾಕಿಬಿಡುತ್ತಾರೆ. ಮನೆಗೆ ನೆಂಟರು ಬಂದ ದಿನ ಅಡಿಗೆಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಡಬ್ಬಿ ತೆಗೆಯುವ ಹಾಗಿಲ್ಲ.

"ಮಗಳಿಗೆ ವರ ನೋಡಾಕತ್ತೇವ್ರಿ. ನಾ ಸಾಯಾಕ ಅಂಜಂಗಿಲ್ಲ. ಆದ್ರ ಆಕಿ ಲಗ್ನ ಆಗೂ ತನಕ ಇದು ಯಾರ ಕಿವಿಗೂ ಬೀಳಬಾರದು. ಅವ್ವಗ ಕ್ಯಾನ್ಸರ್ ಇದ್ದ ಮನಿ ಹೆಣ್ಣು ಯಾರು ತರ್ತಾರ್ರಿ?"

ಮನೆಯಲ್ಲಿ ನಿಜ ಗೊತ್ತಿದ್ದದ್ದು ಗಂಡನಿಗೆ ಒಬ್ಬರಿಗೇ. ಅತ್ತೆಗೆ, ಮಕ್ಕಳಿಗೆ ಹೇಳಿದ್ದು ರಕ್ತ ಕಡಿಮೆ ಆಗಿದೆ ಅಂತ. ಅತ್ತೆ ಪಾಪ ನುಗ್ಗೆಸೊಪ್ಪು, ಬೀಟ್‌ರೂಟ್ ಅಂತ ದಿನಾ ಏನಾದರೂ ಮಾಡಿಕೊಡುತ್ತಿದ್ದರು. ಗುಳಿಗೆಯಿಂದ ಅಕ್ಕನ ಮೈಬಣ್ಣ ತಿಳಿಯಾಗಿತ್ತು. ಇಮಾಟಿನಿಬ್‌ನಿಂದ ಕೆಲವರಿಗೆ ಹಾಗಾಗುತ್ತದೆ. ಊರವರು "ಬೆಂಗಳೂರು ನೀರು ಹತ್ತೈತಿ ನೋಡು, ಕೆಂಪಗಾಗ್ಯಾಳ" ಅನ್ನುತ್ತಿದ್ದರು. ಅಕ್ಕ ನಕ್ಕು ಸುಮ್ಮನಾಗುತ್ತಿದ್ದರು.

ಇನ್ನೂ ಒಂದು ವಿಷಯ ಅವತ್ತು ತಿಳಿಯಿತು. ಚಿಕಿತ್ಸೆಗೆ ಹೋಗಿ ಬರುವ ಕ್ಯಾನ್ಸರ್ ರೋಗಿಗಳಿಗೆ ರೈಲಿನಲ್ಲಿ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಬರುವ ಒಬ್ಬರಿಗೆ ಶೇ 75. ಆಸ್ಪತ್ರೆಯ ಫಾರಂ ತೋರಿಸಿ ಕೌಂಟರಿನಲ್ಲಿ ಟಿಕೆಟ್ ತೆಗೆಸಬೇಕು. ಆ ಫಾರಂ ನಾನೇ ಮಾಡಿಸಿಕೊಟ್ಟಿದ್ದೆ. ಒಂದು ಸಲವೂ ಬಳಸಿರಲಿಲ್ಲ. ಕೊಪ್ಪಳ ಸ್ಟೇಶನ್ನಿನ ಸಾಲಿನಲ್ಲಿ ಹಿಂದೆ ಮುಂದೆ ಊರಿನವರೇ ಇರುತ್ತಾರೆ. ಫಾರಂನಲ್ಲಿ ಕ್ಯಾನ್ಸರ್ ಅನ್ನುವ ಪದ ಇದೆ. ಹಾಗಾಗಿ ಗಂಡ ಹೆಂಡತಿ ಪೂರ್ತಿ ದುಡ್ಡು ಕೊಟ್ಟು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬರುತ್ತಿದ್ದರು.

ಯಾರಿಗೆ ಹೇಳೋದು

ಕ್ಯಾನ್ಸರ್ ಮುಚ್ಚಿಡಬೇಡಿ, ಧೈರ್ಯವಾಗಿ ಹೇಳಿ ಅಂತ ನಾವು ಪೋಸ್ಟರ್ ಹಾಕುತ್ತೇವೆ. ಬೆಂಗಳೂರಿನಲ್ಲಿ ಕೂತು ಹಾಗನ್ನೋದು ಸುಲಭ. ಇಲ್ಲಿ ಪಕ್ಕದ ಮನೆಯವರ ಹೆಸರೇ ನಮಗೆ ಗೊತ್ತಿರಲ್ಲ, ಅಲ್ವಾ? ಇನ್ನೂರು ಮನೆಯ ಊರಿನಲ್ಲಿ ಒಬ್ಬರ ಕಿವಿಗೆ ಬಿದ್ದರೆ ಎಲ್ಲರಿಗೂ ಬಿದ್ದ ಹಾಗೆ. ಅಕ್ಕನ ಭಯಕ್ಕೆ ಕಾರಣ ಇತ್ತು. ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ಆದರೆ ಗಂಡನೊಬ್ಬನ ಹೊರತು ಬೇರೆ ಯಾರ ಮುಂದೆಯೂ ನಿಜ ಆಡುವಂತಿಲ್ಲ ಅಂದರೆ, ದಿನವಿಡೀ ನಾಟಕ ಮಾಡಿದ ಹಾಗೇ. ಆ ಸುಸ್ತು ರೋಗದ ಸುಸ್ತಿಗಿಂತ ಕಡಿಮೆಯದಲ್ಲ. ಮನೆಯೊಳಗೆ ಇನ್ನೊಬ್ಬರು ಬೇಕೇ ಬೇಕು ಅಂತ ನನಗೆ ಅನ್ನಿಸಿತು.

ಮೊದಲು ಮಗಳ ವಿಷಯ ಬಿಡಿಸಿ ಹೇಳಿದೆ. ಈ ಕಾಯಿಲೆ ತಾಯಿಯಿಂದ ಮಕ್ಕಳಿಗೆ ಬರುವುದಿಲ್ಲ. ವರ್ಣತಂತು ಅದಲು ಬದಲಾಗಿದ್ದು ರಕ್ತ ಹುಟ್ಟುವ ಮಜ್ಜೆಯ ಒಂದು ಕೋಶದಲ್ಲಿ, ಅದೂ ಮಕ್ಕಳು ಹುಟ್ಟಿ ಎಷ್ಟೋ ವರ್ಷದ ಮೇಲೆ. ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಅಕ್ಕ ಎರಡು ಸಲ ಹೇಳಿಸಿಕೊಂಡರು. ಮೂರನೇ ಸಲ ಅವರೇ ನನಗೆ ಹೇಳಿ, "ಹಿಂಗ ಹೌದಲ್ರಿ?" ಅಂತ ಕೇಳಿದರು. ಒಂದು ವರ್ಷ ಚಿಕಿತ್ಸೆ ನಡೆದಿತ್ತು. ಅಷ್ಟು ದಿನದಲ್ಲಿ ನಾವು ಯಾರೂ ಇದೊಂದು ಮಾತು ಆ ತಾಯಿಗೆ ಹೇಳಿರಲಿಲ್ಲ.

ಆಮೇಲೆ ಯಾರಿಗೆ ಹೇಳೋದು ಅನ್ನುವ ಮಾತು. ನನ್ನ ಮನಸ್ಸಿನಲ್ಲಿ ಇದ್ದವರು ಊರಿನ ಆಶಾ ಕಾರ್ಯಕರ್ತೆ. ಅಕ್ಕ ತಕ್ಷಣ ಬೇಡ ಅಂದರು. "ಆಕಿ ಛಲೋ ಅದಾಳ್ರಿ. ಆದ್ರ ಆಕಿ ನಮ್ಮ ಮನಿಗೆ ಪದೇ ಪದೇ ಬಂದ್ರ ಮಂದಿ ಯಾಕಂತ ಕೇಳ್ತಾರ." ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುತ್ತಾರೆ ಅಂದೆ. ಆ ಬೋರ್ಡಿನ ಮುಂದೆ ನಿಂತರೆ ಇನ್ನೊಂದು ಹೆಸರು ಬೀಳುತ್ತದೆ ಅಂದರು. ಪಕ್ಕದ ಬಳ್ಳಾರಿಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್ ಜಿಲ್ಲಾ ಮಾನಸಿಕ ಆರೋಗ್ಯದ ಪ್ರಯೋಗ ಮಾಡಿ, ಅದೇ ಮುಂದೆ ಇಡೀ ದೇಶಕ್ಕೆ ಮಾದರಿಯಾಯಿತು. ಇಷ್ಟು ವರ್ಷ ಕಳೆದರೂ ಆ ಬೋರ್ಡಿನ ಹೆದರಿಕೆ ಮಾತ್ರ ಹೋಗಿಲ್ಲ.

ಕೊನೆಗೆ ಅಕ್ಕನೇ ಆರಿಸಿದ್ದು ಅತ್ತೆಯನ್ನು. ನಾನು ಇದನ್ನು ಎಣಿಸಿಯೇ ಇರಲಿಲ್ಲ. ಅತ್ತೆ ಅಂದರೆ ಕಷ್ಟ ಅಂತ ನಾನೇ ಊಹಿಸಿಕೊಂಡಿದ್ದೆ. ಅಕ್ಕನ ಲೆಕ್ಕ ಬೇರೆ. ಹರಕೆ ಹೊತ್ತವರು ಅತ್ತೆ. ಹಾಗಾಗಿ ಮಂಗಳವಾರದ ವಿಷಯ ಬಿಡಿಸಬಲ್ಲವರೂ ಅವರೇ.

ಡಾಕ್ಟರ್ ಹತ್ತಿರ ಕೇಳಿದಾಗ, ಎಲ್ಲಾ ದಿನವೂ ರಾತ್ರಿ ಊಟ ಆದ ಮೇಲೆ ತೆಗೆದುಕೊಳ್ಳಿ, ಹೊತ್ತು ಮಾತ್ರ ಬದಲಿಸಬೇಡಿ ಅಂದರು. ಎರಡು ನಿಮಿಷದ ಮಾತು. ಔಷಧಿ ಬದಲಿಸುವ ಯೋಚನೆಯನ್ನೂ ಮೂರು ತಿಂಗಳು ಮುಂದೆ ಹಾಕಿದರು.

ಊರಿಗೆ ಹೋದ ನಾಲ್ಕನೇ ದಿನ ಅಕ್ಕ ಹೊಲದಿಂದ ಫೋನ್ ಮಾಡಿದರು. ಕಡಲೆ ಬಿಡಿಸುವಾಗ ಅತ್ತೆಗೆ ಹೇಳಿದರಂತೆ. ಮುಖ ನೋಡಿ ಹೇಳಲು ಆಗಲಿಲ್ಲ, ಗಿಡ ಕೀಳುತ್ತಾ ಕೀಳುತ್ತಾ ಹೇಳಿದೆ ಅಂದರು. ಅತ್ತೆ ಸಾಲಿನ ಕೊನೆ ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ. ಆಮೇಲೆ ಬದುವಿನ ಮೇಲೆ ಕೂತು ಕೇಳಿದರು. "ಹುಲಿಗೆಮ್ಮ ಗುಳಿಗಿ ನುಂಗಬ್ಯಾಡ ಅಂತ ಯಾವಾಗ ಹೇಳ್ಯಾಳ?" ಸ್ವಲ್ಪ ಹೊತ್ತು ಬಿಟ್ಟು, "ಇಷ್ಟ ದಿನ ಒಬ್ಬಾಕಿನ ಹೊತ್ಕೊಂಡು ತಿರುಗಿದ್ಯಲ್ಲ" ಅಂದು ಅತ್ತರಂತೆ. ಫೋನಿನಲ್ಲಿ ಅಕ್ಕ ಇದನ್ನು ಹೇಳುವಾಗ ನಾನೂ ಕಣ್ಣು ಒರೆಸಿಕೊಂಡೆ.

ಅವತ್ತಿನಿಂದ ಮೆಂತ್ಯದ ಡಬ್ಬಿ ಹೋಯಿತು. ಗುಳಿಗೆ ಅತ್ತೆಯ ಎಲೆ ಅಡಿಕೆ ಚೀಲಕ್ಕೆ ಬಂತು. ಆ ಚೀಲಕ್ಕೆ ಮನೆಯಲ್ಲಿ ಬೇರೆ ಯಾರೂ ಕೈ ಹಾಕುವುದಿಲ್ಲ. ರಾತ್ರಿ ಊಟ ಆದ ಮೇಲೆ ಅತ್ತೆ ತಾವು ಎಲೆ ಹಾಕಿಕೊಳ್ಳುವಾಗ ಸೊಸೆಯ ಕೈಗೆ ಗುಳಿಗೆ ಇಡುತ್ತಾರೆ. ಮಂಗಳವಾರವೂ.

ನಂಗೂ ಹಿಂಗ ಆಗ್ತೈತಿ

ಇನ್ನೊಂದು ಕೆಲಸ ಮಾಡಿದೆ. 11 ವರ್ಷದಿಂದ ಇದೇ ಗುಳಿಗೆ ತೆಗೆದುಕೊಳ್ಳುತ್ತಿರುವ, ಹಾವೇರಿ ಕಡೆಯ ಇನ್ನೊಬ್ಬ ಹೆಣ್ಣುಮಗಳು ನನಗೆ ಗೊತ್ತು. ಇಬ್ಬರನ್ನೂ ಕೇಳಿ, ಒಪ್ಪಿದ ಮೇಲೆ ನಂಬರ್ ಕೊಟ್ಟೆ. ಸಿಎಂಎಲ್ ಇರುವವರಿಗೆ ಫ್ರೆಂಡ್ಸ್ ಆಫ್ ಮ್ಯಾಕ್ಸ್ ಅನ್ನುವ ಬಳಗ ದೇಶದಲ್ಲಿದೆ. ಒಬ್ಬ ರೋಗಿಯ ಜೊತೆ ಇನ್ನೊಬ್ಬ ರೋಗಿ ಮಾತಾಡಬೇಕು ಅನ್ನುವುದೇ ಅವರ ದಾರಿ. 9 ಮತ್ತು 22ನೇ ವರ್ಣತಂತುಗಳ ನೆನಪಿಗೆ ಪ್ರತಿ ವರ್ಷ ಸೆಪ್ಟೆಂಬರ್ 22ರಂದು ವಿಶ್ವ ಸಿಎಂಎಲ್ ದಿನವನ್ನೂ ಆಚರಿಸುತ್ತಾರೆ. ಸಭೆ ನಡೆಯುವ ಊರಿಗೆ ಬರಲು ಅಕ್ಕನಿಗೆ ಆಗುವುದಿಲ್ಲ. ಫೋನ್ ಸಾಕಾಯಿತು.

ಬೆಳಿಗ್ಗೆ ಎದ್ದರೆ ಕಣ್ಣಿನ ರೆಪ್ಪೆ ಊದಿರುತ್ತದೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ ಅಂತ ಅಕ್ಕ ನನಗೆ ಎಷ್ಟೋ ಸಲ ಹೇಳಿದ್ದರು. ಅದು ಗುಳಿಗೆಯ ಅಡ್ಡಪರಿಣಾಮ, ಹೆದರಬೇಡಿ ಅಂತ ನಾನೂ ಹೇಳಿದ್ದೆ. ಹಾವೇರಿಯ ಅಕ್ಕ ಹೇಳಿದ್ದು "ನಂಗೂ ಹಿಂಗ ಆಗ್ತೈತಿ ನೋಡವ್ವಾ" ಅಂತ. ಅಷ್ಟೇ. ಸಿನಿಮಾದಲ್ಲಿ ರಕ್ತದ ಕ್ಯಾನ್ಸರ್ ಅಂದರೆ ಮೂಗಿನಲ್ಲಿ ರಕ್ತ, ಆಮೇಲೆ ಸಾವು. 11 ವರ್ಷ ಆದ ಮೇಲೂ ಎಮ್ಮೆ ಹಾಲು ಕರೆದು ಡೈರಿಗೆ ಹಾಕುವ ಹೆಂಗಸಿನ ದನಿಯನ್ನು ಅಕ್ಕ ಕೇಳಿದ್ದು ಇದೇ ಮೊದಲು. ನನ್ನ ಆರು ಭೇಟಿಗಿಂತ ಆ ಒಂದು ಫೋನ್ ಜಾಸ್ತಿ ಕೆಲಸ ಮಾಡಿತು ಅಂತ ನಾನು ನಂಬಿದ್ದೇನೆ.

ನಾನು ನೋಡದೇ ಬಿಟ್ಟದ್ದು

ಎರಡು ತಿಂಗಳ ಮೇಲೆ ಒಂದು ಸಂಬಂಧ ತಪ್ಪಿಹೋಯಿತು. ಗಂಡಿನ ಕಡೆಯವರು ಕಾರಣ ಹೇಳಲಿಲ್ಲ. ತನ್ನಿಂದಲೇ ಅಂತ ಅಕ್ಕ ತೀರ್ಮಾನಿಸಿಬಿಟ್ಟರು. ಮೂರು ವಾರ ಫೋನ್ ಎತ್ತಲಿಲ್ಲ. ಗಂಡನ ನಂಬರಿಗೆ ಮಾಡಿದೆ. ಅಕ್ಕ ಗುಳಿಗೆ ತಗೋತಿದ್ದಾರಾ ಅಂತ ಕೇಳಿದೆ. ತಗೋತಾಳ್ರಿ, ಅವ್ವ ಕೊಡ್ತಾಳ ಅಂದರು. ನೀವು ಹೇಗಿದ್ದೀರಿ ಅಣ್ಣ, ಅಂದೆ.

ಆ ಕಡೆ ಸದ್ದೇ ಇಲ್ಲ. ಆಮೇಲೆ ಆ ಮನುಷ್ಯ ಅಳಲು ಶುರುಮಾಡಿದರು. ಒಂದು ವರ್ಷದಿಂದ ರಾತ್ರಿ ಸರಿಯಾಗಿ ನಿದ್ದೆ ಇಲ್ಲ. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಇವರನ್ನು ಒಬ್ಬರನ್ನೇ ಹೊರಗೆ ಕರೆದು, ವರಾಂಡದಲ್ಲಿ ನಿಲ್ಲಿಸಿ, ಕ್ಯಾನ್ಸರ್, ಹೆಂಡತಿಗೆ ಹೇಳಬೇಡಿ ಅಂದಿದ್ದರಂತೆ. ಅವತ್ತು ಬಸ್ಸಿನಲ್ಲಿ ಹೆಂಡತಿಯ ಪಕ್ಕ ಕೂತು ಊರಿಗೆ ಹೋದದ್ದನ್ನು ಈಗಲೂ ನೆನೆಸಿಕೊಳ್ಳುತ್ತಾರೆ. ಕೈಸಾಲ ಬೇರೆ ಇತ್ತು.

ನಾನು ಪ್ರತಿ ಸಲವೂ ಇವರನ್ನು ಚಹಾ ತರಲು ಕಳಿಸಿದ್ದೆ. ಹೆಣ್ಣುಮಗಳು ಮನಸ್ಸು ಬಿಚ್ಚಿ ಮಾತಾಡಲಿ ಅಂತ. ಅದು ಸರಿಯೇ. ಆದರೆ ಚಹಾ ಬಂದ ಮೇಲೆ ಇವರ ಜೊತೆ ಹತ್ತು ನಿಮಿಷ ಕೂರಬೇಕಿತ್ತು. ಗಂಡಸು ಗಟ್ಟಿಯಾಗಿದ್ದಾನೆ ಅಂತ ನಾವೇ ಅಂದುಕೊಂಡುಬಿಡುತ್ತೇವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಟ್ಟೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಯಾವ ಬೋರ್ಡಿನ ಮುಂದೂ ನಿಲ್ಲಬೇಕಾಗಿಲ್ಲ. ಎರಡು ರಾತ್ರಿ ಮಾಡಿದೆ ಅಂತ ಆಮೇಲೆ ಹೇಳಿದರು. ಈಗ ನನ್ನ ಹಾಳೆಯಲ್ಲಿ ರೋಗಿಯ ಹೆಸರಿನ ಕೆಳಗೆ ಜೊತೆಗೆ ಬಂದವರಿಗೂ ಒಂದು ಸಾಲು ಇಟ್ಟಿದ್ದೇನೆ.

ಅಕ್ಕ ಮತ್ತೆ ಮಾತಿಗೆ ಬಂದದ್ದು ಅತ್ತೆಯಿಂದ. ಆ ಸಂಬಂಧ ತಪ್ಪಿದ್ದಕ್ಕೆ ಅತ್ತೆ ಕಾರಣ ಹುಡುಕಲು ಹೋಗಲಿಲ್ಲ. "ಹೆಣ್ಣು ಕೊಡೋರು ನಾವು, ನಾವೂ ಒಂದೆರಡು ಬ್ಯಾಡ ಅನ್ನೂಣಂತ" ಅಂದರಂತೆ. ಮಗಳಿಗೂ ಆಮೇಲೆ ಹೇಳಿದ್ದಾರೆ. ಹೇಗೆ ಹೇಳಿದರು ಅನ್ನುವುದು ಅವರ ಮನೆಯ ಮಾತು, ನಾನು ಕೇಳಿಲ್ಲ.

ಅಂಕಿ ಮತ್ತೆ ಇಳಿಯಿತು. ಮುಂದಿನ ಪರೀಕ್ಷೆಯಲ್ಲಿ 0.7. ಅದರ ಮುಂದಿನದರಲ್ಲಿ 0.09. ಔಷಧಿ ಬದಲಿಸಲಿಲ್ಲ. 90 ಗುಳಿಗೆಯಲ್ಲಿ ಉಳಿದದ್ದು ಎರಡು, ಅದೂ ರೈಲು ತಡವಾದ ರಾತ್ರಿಗಳದ್ದು.

ಊರಿಗೆ ಇನ್ನೂ ಗೊತ್ತಿಲ್ಲ. ಕೇಳಿದವರಿಗೆ ಅತ್ತೆ "ರಕ್ತದ ಗುಳಿಗಿ" ಅನ್ನುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಹೋದ ಸಲ ಬಂದಾಗ ಅಕ್ಕ ರೈಲಿನ ಫಾರಂ ಹೊಸದಾಗಿ ಮಾಡಿಸಿಕೊಡಿ ಅಂದರು. ಸಹಿ, ಸೀಲು ಹಾಕಿಸಿ ಕೊಟ್ಟೆ. ಕೊಪ್ಪಳದಲ್ಲಿ ಬಳಸುತ್ತೀರಾ ಅಂತ ಕೇಳಿದೆ. ಇಲ್ಲ ಅಂದರು. ಗಂಡ ಸಂತೆಗೆ ಅಂತ ಹೊಸಪೇಟೆಗೆ ಹೋದಾಗ ಅಲ್ಲಿಯ ಕೌಂಟರಿನಲ್ಲಿ ತೆಗೆಸಿಕೊಂಡು ಬರುತ್ತಾರೆ.